ಗೋಡೆಗೇರದ ಪಟ

ಮಿಹಿ ಟೀಚರ ತಲೆ ಸ್ಮಶಾನದ ಯುದ್ಧಸ್ಮಾರಕದ ಮೆಟ್ಟಿಲ ಮೇಲೆ ಒಡೆದುಹೋಗಿತ್ತು. ಮಡಕೆ ಒಡೆದ ಹಾಗೆ ಎನ್ನುವುದು ಸುಲಭ, ಮಡಕೆಗೆ ಕಣ್ಣಿರುವುದಿಲ್ಲ. ಆಕೆಯ ಒಂದು ಕಣ್ಣು ಇನ್ನೂ ತೆರೆದಿತ್ತು, ಕಲ್ಲಿನಲ್ಲಿ ಕೊರೆದ ಹೆಸರುಗಳ ಕಡೆ ನೆಟ್ಟಿತ್ತು. ಪಕ್ಕದಲ್ಲಿ ಬೇಲಿಗೂಟ ಹೊಡೆಯುವ ಸುತ್ತಿಗೆ ಬಿದ್ದಿತ್ತು. ಮೈಯಡಿಯಲ್ಲಿ ಒಂದು ಪಟ, ಅದರ ಗಾಜು ಪುಡಿಪುಡಿ. ನಾನು ಓಹಿನೆವಾ ಊರಿನ ಪಾದ್ರಿ, ಸತ್ತವರ ಕಣ್ಣು ಮುಚ್ಚುವುದು ನನ್ನ ಪಾಲಿನ ಸೇವೆ. ಅವತ್ತು ಅದು ನನ್ನಿಂದಾಗಲಿಲ್ಲ. ಟೂರೋವಾನೇ ಮುಚ್ಚಿದ.

ಟೂರೋವಾ ಪಟ್ಟಣದಲ್ಲಿ ಪೊಲೀಸ್ ಸಾರ್ಜೆಂಟನಾಗಿದ್ದು, ವಯಸ್ಸಾದ ಮೇಲೆ ಊರಿಗೆ ಮರಳಿ ಮೀನುಬಲೆ ಹೆಣೆಯುತ್ತಿದ್ದವನು. ಹಂದಿ ಕಳೆದರೂ ಗಂಡ ಕಳೆದರೂ ನಮ್ಮ ಜನ ಹೋಗುತ್ತಿದ್ದುದು ಅವನ ಬಾಗಿಲಿಗೇ. ಅವನ ಹಿಂದೆ ನಾನು.

ಏಪ್ರಿಲ್ ತಿಂಗಳ ಸೈನಿಕರ ದಿನಕ್ಕೆಂದು ಮಿಹಿ ಆ ಕಲ್ಲಿನ ಒಂದೊಂದು ಹೆಸರಿನ ಬದುಕನ್ನೂ ಮನೆಮನೆಗೆ ಹೋಗಿ ಕೇಳಿ ತಿಳಿಯುತ್ತಿದ್ದಳು. ಆ ಹುಡುಗರೆಲ್ಲ ಮಲಗಿರುವುದು ಸಮುದ್ರದಾಚೆಯ ಮರಳುಗಾಡಿನಲ್ಲಿ. ನಮ್ಮ ಗುಡ್ಡದ ಸ್ಮಶಾನಕ್ಕೆ ಬಂದದ್ದು ಬರೀ ಹೆಸರು.

ಹೆಣ ಕಂಡವನು ಆಕೆಯ ತಂಗಿಯ ಮಗ, ಆಕೆಯೇ ಸಾಕಿದ ಹಾಕೋಪಾ. ಎತ್ತಲು ನೋಡಿ, ಆಗದೆ, ರಕ್ತದ ಕೈಯಲ್ಲೇ ಗುಡ್ಡ ಇಳಿದು ಓಡಿಬಂದಿದ್ದ. ಕೆಳಗಿದ್ದ ಮುದುಕಿಯರು ಅಳುವ ಮೊದಲು ಅವನನ್ನು ಬೈದರು.

"ನೀರು ಮುಟ್ಟದೆ ಬಂದ್ಯೇನೋ? ಸಾವನ್ನ ಮನೆಗೇ ಕರ್ಕೊಂಡು ಬಂದ್ಯಲ್ಲೋ."

ಸ್ಮಶಾನ ಬಿಡುವಾಗ ಬಾಗಿಲ ಬಳಿಯ ಕಲ್ಲುತೊಟ್ಟಿಯಲ್ಲಿ ಕೈ ಅದ್ದಿ ತಲೆಯ ಮೇಲೆ ಚಿಮುಕಿಸಿಕೊಳ್ಳದೆ ನಮ್ಮಲ್ಲಿ ಹಾಲುಗಲ್ಲದ ಮಗುವೂ ಹೊರಬರುವುದಿಲ್ಲ.

ಆ ತೊಟ್ಟಿಯ ಮುಂದೆ ಟೂರೋವಾ ನಿಂತ. ನೀರು ತೆಳುವಾಗಿ ಕೆಂಪಾಗಿತ್ತು. ಬಾಗಿಲ ಬಿಳಿ ಕಂಬದ ಮೇಲೆ, ಆಳೆತ್ತರದಲ್ಲಿ, ನಸುಗೆಂಪು ಹನಿಗಳು ಒಣಗುತ್ತಿದ್ದವು. ಅವನು ಕೋಟು ಬಿಚ್ಚಿ ತೊಟ್ಟಿಗೆ ಹೊದಿಸಿದ. "ಇದನ್ನ ಯಾರೂ ಮುಟ್ಟಬಾರ್ದು. ಕೆಳಗಿಂದ ಬೇರೆ ಕೊಡದಲ್ಲಿ ನೀರು ತರ್ಸು, ಪಾದ್ರಿ."

ಪಟ್ಟಣದಿಂದ ಬಂದ ಬಿಳಿಯ ಇನ್ಸ್‌ಪೆಕ್ಟರ್ ಡಾಲ್ಟನ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಸುತ್ತಿಗೆ ಈ ಹುಡುಗಂದು. ರಕ್ತ ಇವನ ಕೈಲಿ. ಸೈನ್ಯ ಸೇರ್ತೀನಿ ಅಂತ ಇವನು, ಬೇಡ ಅಂತ ಅವಳು, ನಿನ್ನೆ ಬೀದೀಲಿ ಜಗಳ ಆಡಿದಾರೆ. ಇನ್ನೇನು ಬೇಕು?"

"ಬೇಲಿ ಕೆಲಸಕ್ಕೆ ಅಂತ ಸುತ್ತಿಗೆ ವಾರದಿಂದ ಇಲ್ಲೇ ಬಿದ್ದಿದೆ," ಎಂದ ಟೂರೋವಾ. "ಸಂಜೆವರೆಗೆ ಹುಡುಗನ್ನ ಬಿಡಿ. ಸಾಕಿದ ತಾಯಿ ಹೆಣದ ಹತ್ರ ಕೂರ್ಲಿ."

"ಸಂಜೆ ಕರ್ಕೊಂಡು ಹೋಗ್ತೀನಿ. ಆಮೇಲೆ ಇವನು ಹೊರಗೆ ಬರೋದು ತಲೆ ನರೆತ ಮೇಲೇ."

ಅಷ್ಟರಲ್ಲಿ ಮಟಿಯು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಬೆಳಗಿನಿಂದ ಹೊಳೆಯಲ್ಲಿ ಹಾವುಮೀನು ಹಿಡಿಯುತ್ತಿದ್ದನಂತೆ. ಸ್ಮಶಾನವೆಂದು ಟೋಪಿ ತೆಗೆದು ಎದೆಗೊತ್ತಿಕೊಂಡು ಅತ್ತ. "ನಾನು ಕಟ್ಟಿದ ಕಲ್ಲಿನ ಮೇಲೇ ಹೀಗಾಗ್ಬೇಕಾ? ಊರೆಲ್ಲ ಕುರಿ ಉಣ್ಣೆ ಕತ್ತರಿಸೋಕೆ ಹೋಗಿದ್ದಾಗ ನಾನೊಬ್ಬನೇ ಪಾಯ ತೋಡಿ ಗಾರೆ ತುಂಬ್ದೋನು, ಸಾಹೇಬ್ರೆ. ನಮ್ಮಣ್ಣನ ಹೆಸರೂ ಇದೆ ಇದರಲ್ಲಿ."

ಅವನ ಅಣ್ಣ ಪರೈರೆ. ಮರಳುಗಾಡಿನ ಕಾಳಗದಲ್ಲಿ ಸತ್ತನೆಂದು ತಂತಿ ಬಂದ ಮೇಲೆ, ಅವನ ಹೆಂಡತಿ ರೋಕಾಳನ್ನು ಮಟಿಯು ಮದುವೆಯಾಗಿದ್ದ.

ಇಳಿಯುವಾಗ ಟೂರೋವಾ ಕೇಳಿದ: "ಪಾದ್ರಿ, ಭಾನುವಾರದ ಊಟದಲ್ಲಿ ಮಿಹಿ ಏನು ಕೇಳಿದ್ಲು? ನಾನು ತಿನ್ನೋದ್ರಲ್ಲಿದ್ದೆ."

"ನೀನು ಯಾವಾಗ ತಿನ್ನೋದ್ರಲ್ಲಿ ಇರಲ್ಲ?" ಎಂದು ನಾನು ನೆನಪಿಸಿಕೊಂಡೆ. "ಕಲ್ಲಿನ ಮೇಲಿರೋರೆಲ್ಲರ ಪಟ ಸಭಾಮನೆ ಗೋಡೆ ಮೇಲಿದೆ, ಪರೈರೆದು ಯಾಕಿಲ್ಲ ಅಂತ ರೋಕಾನ ಕೇಳಿದ್ಲು. 'ನಮ್ಮತ್ತೆ ಸಾಯೋವರೆಗೂ ಬಿಡ್ಲಿಲ್ಲ, ಪಟ ನನ್ನ ಪೆಟ್ಟಿಗೇಲಿದೆ, ಬೇಕಾದ್ರೆ ತಗೋ' ಅಂದ್ಲು ರೋಕಾ. ಮಟಿಯು ತಮಾಷೆ ಮಾಡ್ದ. 'ಹಾಕು, ಪಟದಲ್ಲಾದ್ರೂ ಬಾಯಿ ತುಂಬ ಹಲ್ಲಿರ್ಲಿ. ಪಾಪ, ಕೊನೆಕೊನೇಗೆ ಗೆಣಸು ಕಚ್ಚೋಕೂ ಮುಂದಿನ ಹಲ್ಲಿರ್ಲಿಲ್ಲ ಅವನಿಗೆ' ಅಂದ."

"ಯಾರು ನಕ್ರು?"

"ಎಲ್ಲರೂ. ಮಿಹಿ ಮಾತ್ರ ಚಮಚ ಕೆಳಗಿಟ್ಲು."

ಟೂರೋವಾ ಮಿಹಿಯ ಮೈಯಡಿಯಿಂದ ತಂದಿದ್ದ ಆ ಪಟವನ್ನು ನನ್ನ ಕೈಗಿತ್ತ. ಹಡಗು ಹತ್ತುವ ದಿನ ತೆಗೆಸಿದ್ದು. ಪರೈರೆ ಬಾಯ್ತುಂಬ ನಗುತ್ತಿದ್ದ, ಜೋಳದ ತೆನೆಯಂಥ ಹಲ್ಲು.

ಮಿಹಿಯ ಶವಪೆಟ್ಟಿಗೆಯನ್ನು ಸಭಾಮನೆಯ ನಡುವೆ ಇಟ್ಟು ಊರು ಸುತ್ತ ಕುಳಿತಿತು. ಹಾಕೋಪಾ ಬೇಡಿ ತೊಟ್ಟು ತಲೆಯ ಬಳಿ ಕೂತಿದ್ದ. ಎಲ್ಲರ ಚಪ್ಪಲಿ, ಟೋಪಿಗಳು ವಾಡಿಕೆಯಂತೆ ಜಗಲಿಯಲ್ಲಿದ್ದವು. ಟೂರೋವಾ ಅಲ್ಲೇ ಬಹಳ ಹೊತ್ತು ನಿಂತು ಒಂದೊಂದೇ ಟೋಪಿ ಮಗುಚಿ ನೋಡಿದ. ಆಮೇಲೆ ಒಳಗೆ ಬಂದು ಗೋಡೆಯ ಮೇಲಿನ ಸತ್ತವರಿಗೆ ತಲೆಬಾಗಿ ಮಾತಿಗೆ ತೊಡಗಿದ.

"ಸಾಹೇಬ್ರೆ, ಕೊಂದೋನು ತೊಟ್ಟೀಲಿ ರಕ್ತದ ಕೈ ಅದ್ದಿದಾನೆ. ಹಾಕೋಪಾ ಅದ್ದಿಲ್ಲ. ಅದಕ್ಕೇ ಮುದುಕಿಯರು ಅವನನ್ನ ಬೈದಿದ್ದು, ಅವನ ಕೈ ಇನ್ನೂ ಕೆಂಪಗಿದ್ದಿದ್ದು."

"ರಕ್ತ ತೊಳ್ಕೊಳೋದು ಯಾರಾದ್ರೂ ಮಾಡ್ತಾರೆ. ದಾರಿಹೋಕನೂ ಮಾಡ್ತಾನೆ," ಎಂದ ಡಾಲ್ಟನ್.

"ತೊಳ್ಕೊಳೋದು ಯಾರಾದ್ರೂ ಮಾಡ್ತಾರೆ. ತಲೆ ಮೇಲೆ ಚಿಮುಕಿಸ್ಕೊಳೋದು ನಾವು ಮಾತ್ರ. ಕಂಬದ ಮೇಲೆ ತಲೆಯೆತ್ತರಕ್ಕೆ ಹನಿ ಹಾರಿತ್ತು. ಕೊಲೆ ಮಾಡಿದ ಕೈಗೂ ಅಭ್ಯಾಸ ತಪ್ಪಲಿಲ್ಲ. ಒದ್ದೆ ತಲೆ ಮೇಲೆ ಟೋಪಿ ಇಟ್ಕೊಂಡು ಇಳಿದ. ನಾನು ತೊಟ್ಟಿ ಮುಚ್ಚಿದ ಮೇಲೆ ಬಂದೋರಿಗೆಲ್ಲ ಕೊಡದ ನೀರು. ಆದ್ರೂ ಒಂದು ಟೋಪಿ ಒಳಪಟ್ಟೀಲಿ ನಸುಗೆಂಪು ಕಲೆ ಇದೆ." ಅವನು ಅದನ್ನು ಪೆಟ್ಟಿಗೆಯ ಪಕ್ಕ ಇಟ್ಟ. "ತಗೋ, ಮಟಿಯು. ನಿಂದು."

"ಮೀನಿನ ರಕ್ತ," ಎಂದ ಮಟಿಯು. "ಹೊಳೇಲಿದ್ದೆ ಅಂದೆನಲ್ಲ."

"ಇರ್ಲಿ, ಪಟ್ಟಣದೋರು ಪರೀಕ್ಷೆ ಮಾಡ್ತಾರೆ. ಈಗ ನಿಮ್ಮಮ್ಮನ ವಿಷಯ ಹೇಳು. ಬದುಕಿರೋರ ಪಟ ನಾವು ಈ ಗೋಡೆಗೆ ಹಾಕಲ್ಲ, ಅದು ಸಾವನ್ನ ಹೆಸರು ಹಿಡಿದು ಕರೆದಂಗೆ. ಸರ್ಕಾರ ಮಗನ ಹೆಸರನ್ನ ಕಲ್ಲಲ್ಲಿ ಕೊರೆಸ್ತು, ಅವಳು ಸುಮ್ನಿದ್ಲು. ಪಟ ಮಾತ್ರ ಮುಟ್ಟಗೊಡ್ಲಿಲ್ಲ. ದುಃಖ ಆಗಿದ್ರೆ ಪಟ ಹಾಕಿಸ್ತಿತ್ತು, ಮಟಿಯು. ಹಾಕಿಸದೆ ಇದ್ದಿದ್ದು ಆಸೆ. ಮಗ ಬದುಕಿದಾನೆ ಅಂತ ಅವಳಿಗೆ ಗೊತ್ತಿತ್ತು, ಯಾಕಂದ್ರೆ ಅವಳು ನೋಡಿದ್ಲು. ನೀನೂ ನೋಡಿದ್ದೆ. ಹಡಗು ಹತ್ತಿದಾಗ ಇದ್ದ ಹಲ್ಲು ಕೊನೇಗೆ ಇರ್ಲಿಲ್ಲ ಅಂತ ಇನ್ನೆಲ್ಲಿಂದ ಗೊತ್ತಾಯ್ತು? ಮಿಹಿ ನಿನ್ನನ್ನ ಗುಡ್ಡದ ಮೇಲೆ ಕೇಳಿದ್ದು ಅದನ್ನೇ. ಊರಲ್ಲಿ ಯಾರೂ ಇಲ್ಲದಾಗ ಒಬ್ಬನೇ ತೋಡಿದ ಆ ಪಾಯ ನಾಳೆ ಒಡೆಸ್ತೀನಿ. ಏನು ಸಿಗುತ್ತೆ, ನೀನೇ ಹೇಳಿಬಿಡು."

ಹೊರಗೆ ಅಲೆಯ ಸದ್ದಿತ್ತು. ದೇವರು ಅಂಥ ಹೊತ್ತಿನಲ್ಲಿ ಮಾತಾಡುವುದಿಲ್ಲ, ಕಾಯುತ್ತಾನೆ ಎಂದು ನನ್ನ ನಂಬಿಕೆ.

"ಕಾಳಗದ ಮಧ್ಯ ಓಡಿಹೋಗಿದ್ದ," ಎಂದ ಮಟಿಯು ಕೊನೆಗೆ. "ಸೈನ್ಯ ಸತ್ತ ಅಂತ ಬರ್ಕೊಳ್ತು. ಯಾವುದೋ ಹಡಗಿನ ಒಲೆಗೆ ಕಲ್ಲಿದ್ದಲು ಎಸೀತಾ ಬಂದ. ಬಾಯಿ ಒಡೆದಿತ್ತು, ಅಮ್ಮ ಗೆಣಸು ಹಿಸುಕಿ ಉಣಿಸಿದ್ಲು. ರೋಕಾ ಆಗ ನನ್ನ ಮಗೂನ ಬಸುರಿ, ತವರಲ್ಲಿದ್ಲು. ಅವಳನ್ನ ಕರ್ಕೊಂಡು ಬಾ ಅಂದ, ನಂಗೆ. ಪಾಯದ ಗುಂಡಿ ತೋರಿಸ್ತೀನಿ ಬಾ, ನಿನ್ನ ಹೆಸರೂ ಬರುತ್ತೆ ಅಂತ ಗುಡ್ಡಕ್ಕೆ ಕರ್ಕೊಂಡು ಹೋದೆ. ನಗ್ತಾ ಬಗ್ಗಿ ನೋಡ್ದ. ಗುದ್ದಲೀಲಿ ಕುತ್ತಿಗೆಗೆ ಹೊಡೆದೆ. ಬೇಗ ಸಾಯ್ಲಿಲ್ಲ. ಗಾರೆ ಸುರಿಯುವಾಗ್ಲೂ ಬೆರಳು ಆಡ್ತಿತ್ತು."

ಯಾರೋ ಮುದುಕಿ ನರಳಿದಳು.

"ಅಮ್ಮಂಗೆ, ಸೈನ್ಯದೋರು ಹಿಡೀತಾರೆ ಅಂತ ಹೋದ, ಯಾರ ಹತ್ರಾನೂ ಬಾಯಿ ಬಿಡಬೇಡ, ಮತ್ತೆ ಬರ್ತಾನೆ ಅಂದೆ. ಸಾಯೋವರೆಗೂ ಕಾದ್ಲು."

ಹಾಕೋಪಾ ಎದ್ದು ಬೇಡಿ ತೊಟ್ಟ ಎರಡೂ ಕೈಯಿಂದ ಮಟಿಯುವಿನ ಮುಖಕ್ಕೆ ಬಡಿದ. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ಟೂರೋವಾ ಹಿಡಿದುಕೊಂಡ.

"ಸಾಕು ಮಗ. ಇವನು ಬದುಕಿ ಉತ್ತರ ಕೊಡಬೇಕು."

ಡಾಲ್ಟನ್ ಹುಡುಗನ ಬೇಡಿ ಬಿಚ್ಚಿ ಮಟಿಯುವಿಗೆ ತೊಡಿಸಿದ. ಹಾಕೋಪಾ ಗುದ್ದಲಿ ತೆಗೆದುಕೊಂಡು ದೊಡ್ಡಮ್ಮನಿಗೆ ಗುಂಡಿ ತೋಡಲು ಗುಡ್ಡಕ್ಕೆ ಹೊರಟ. ಊರ ಹುಡುಗರೆಲ್ಲ ಅವನ ಹಿಂದೆ ಹೋದರು.

ಜಗಲಿಯಲ್ಲಿ ಮಟಿಯು ನನ್ನ ಮುಂದೆ ನಿಂತ. ಗಡ್ಡದಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಪಾದ್ರಿಗಳೇ, ನಾನು ಜೈಲಲ್ಲಿ ಸತ್ರೆ ಈ ಗುಡ್ಡದಲ್ಲಿ ನಂಗೆ ಜಾಗ ಕೊಡ್ತೀರಾ?"

ಎಂಥವನಿಗೂ ಮಣ್ಣು ಬೇಡವೆನ್ನಲು ನನಗೆ ಅಧಿಕಾರವಿಲ್ಲ. ನನ್ನ ಹಿಂದೆ ರೋಕಾ ಬಂದು ನಿಂತಿದ್ದಳು. ಅವಳ ಕಣ್ಣು ಒಣಗಿತ್ತು.

"ಜಾಗಕ್ಕೇನು ಬರ," ಎಂದಳು. "ನಾಳೆ ಅವನನ್ನ ಮೇಲೆತ್ತಿದ ಮೇಲೆ ನೀನು ತೋಡಿದ ಗುಂಡಿ ಖಾಲಿ ಇರುತ್ತಲ್ಲ."