ಒಂದು ಮೊರ ರಾಗಿ

ಬೂಟು ಹಾಕಿಕೊಂಡೇ ರಾಶಿ ತುಳಿದ ಆ ಮನುಷ್ಯನನ್ನು ಅವತ್ತೇ ವಿಮಾನ ಹತ್ತಿಸಿ ಕಳಿಸಿಬಿಡಬೇಕು ಅನ್ನಿಸಿತ್ತು ನನಗೆ.

ನಾನು ಮಾಲಿನಿ, ಬಾಣಾವರದ ಹತ್ತಿರದ ಹಳ್ಳಿ ಸ್ಕೂಲಿನ ಪಿ.ಟಿ. ಟೀಚರ್. ಅವನು ಧರ್ಮೇಶ್. ಅಪ್ಪ ಅಮ್ಮ ಬೇಲೂರಿನವರು, ಇವನು ಹುಟ್ಟಿ ಬೆಳೆದದ್ದು ನ್ಯೂಜಿಲೆಂಡಿನಲ್ಲಿ. ನಮ್ಮ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು ನಾಲ್ಕು ತಿಂಗಳ ಮಟ್ಟಿಗೆ ವಾಲಂಟಿಯರ್ ಆಗಿ ಬಂದಿದ್ದ.

ನಾಲ್ಕೇ ತಿಂಗಳು. ಮೊದಲ ಸಿಟ್ಟು ಅದಕ್ಕೇ. ಹಿಂದೆಯೂ ಇಂಥವರು ಬಂದಿದ್ದರು, ಟೀ ಶರ್ಟ್ ಹಂಚಿ, ಫೋಟೊ ತೆಗೆಸಿಕೊಂಡು, ಹುಡುಗಿಯರನ್ನು ಅಳಿಸಿ ಹೋಗಿದ್ದರು. ಇವನೂ ಹೋಗುವವನೇ. ಆದರೂ ಇವನು ವಿಸಿಲ್ ಕೊಡುವಾಗ ಬೆರಳು ಒಂದು ಕ್ಷಣ ಜಾಸ್ತಿ ತಾಗಿದರೆ ನನ್ನ ಮುಖ ಬಿಸಿಯಾಗುತ್ತಿತ್ತು. ಆ ಸಿಟ್ಟೂ ಇವನ ಮೇಲೆಯೇ.

"ಟೀಚರ್, ನನ್ನ ನೋಡಿದಾಗೆಲ್ಲ ಹುಬ್ಬು ಗಂಟು ಹಾಕ್ತೀರಲ್ಲ, ಯಾಕೆ?" ಎಂದು ಒಮ್ಮೆ ಕೇಳಿದ.

"ಬಿಸಿಲು."

"ಮೋಡ ಇದೆಯಲ್ರೀ."

"ಹಾಗಾದ್ರೆ ನಿಮ್ಮಿಂದಾನೇ."

ಸುಗ್ಗಿ ಬಂತೆಂದರೆ ಸ್ಕೂಲ್ ಮೈದಾನದ ಅರ್ಧ ಭಾಗ ಊರಿನ ರೈತ ಬೋರಯ್ಯನವರ ಒಕ್ಕಣೆ ಕಣವಾಗುತ್ತದೆ. ಅವರು ಯಾರನ್ನೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆ ಗುರುವಾರ ಸಂಜೆ ರಾಗಿ ರಾಶಿಗೆ ಆಗಷ್ಟೇ ಪೂಜೆಯಾಗಿತ್ತು. ಬಾಲು ಅಲ್ಲಿಗೇ ಹಾರಿತು. ಧರ್ಮೇಶ ಓಡಿದವನೇ ಬೂಟುಗಾಲಲ್ಲಿ ರಾಶಿ ತುಳಿದು, ಬಾಲೆತ್ತಿ, ನಗುತ್ತಾ ನನ್ನತ್ತ ಎಸೆದ. ಚಪ್ಪಲಿ ಬಿಟ್ಟು ಕಣಕ್ಕೆ ಹೋಗಬೇಕೆಂದು ನಮ್ಮೂರಲ್ಲಿ ಎರಡು ವರ್ಷದ ಕೂಸಿಗೂ ಗೊತ್ತು.

ಬೋರಯ್ಯ ಕೂಗಾಡಲಿಲ್ಲ. ಗೋಲಿನಲ್ಲಿ ನಿಂತಿದ್ದ ಮಗಳು ಸಿರಿಯನ್ನು ಕರೆದರು.

"ಬಾರವ್ವ ಮನೀಗೆ. ಅನ್ನಕ್ಕೆ ಮರ್ವಾದೆ ಕೊಡದೋರ ತಾವ ನೀನೇನೂ ಕಲೀಬ್ಯಾಡ."

ಭಾನುವಾರ ಹಾಸನದಲ್ಲಿ ಮ್ಯಾಚ್. ಸಿರಿಯ ಬದಲಿಗೆ ಗೋಲು ಕಾಯಲು ನಮ್ಮಲ್ಲಿ ಇನ್ನೊಬ್ಬಳಿರಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಟೀಚರ್," ಅಂದ ಧರ್ಮೇಶ.

"ಗೊತ್ತಿಲ್ದಿದ್ರೆ ಕೇಳ್ಬೇಕು. ಫೆಬ್ರವರೀಲಿ ನೀವು ವಿಮಾನ ಹತ್ತೀರ. ಈ ಊರಿಗೆ ದಿನಾ ಮುಖ ತೋರಿಸ್ಬೇಕಾದೋಳು ನಾನು. ಮನೇಲಿ ಕೂತು ಅಳೋಳು ಸಿರಿ."

ಅವನ ನಗು ಪೂರ್ತಿ ಇಳಿದುಹೋಯಿತು. ನೋಡಿ ಸಂಕಟವಾಯಿತು, ಆದರೂ ಆಡಿದ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಬಂದರೆ ಬೂಟು ಸ್ಕೂಲ್ ಗೇಟಿನ ಹತ್ತಿರ ಇತ್ತು, ಮನುಷ್ಯ ಬರಿಗಾಲಲ್ಲಿ ಕಣದಲ್ಲಿದ್ದ. ಇನ್ನೊಂದು ಮೆದೆಯ ಒಕ್ಕಣೆ ಬಾಕಿಯಿತ್ತು. ಎರಡು ದಿನ ಅವನು ಹುಲ್ಲು ಕೊಡವಿದ, ರಾಗಿ ತೂರಿದ, ಮೂಟೆ ಹೊತ್ತ. ಮೈಗೆಲ್ಲ ಹೊಟ್ಟು ಅಂಟಿ ಕುತ್ತಿಗೆ ಕೆಂಪಾಗಿತ್ತು. ತುರಿಸಿಕೊಳ್ಳುತ್ತಾ ನನ್ನ ಕಡೆ ನೋಡಿದಾಗ ನಾನು ತೆಂಗಿನಮರ ನೋಡಿದೆ.

ಶನಿವಾರ ಸಂಜೆಯಾದರೂ ಬೋರಯ್ಯ ಸಿರಿಯ ಮಾತೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಕಣದೊಳಗೆ ಹೋದೆ.

"ಬೋರಯ್ಯನೋರೆ, ತಪ್ಪು ಮಾಡಿದೋರು ಎರಡು ದಿನ ದುಡಿದ್ರು. ರಾಶಿ ನಿಮ್ದು, ಅದಕ್ಕೆ ನಾನೂ ಕೈ ಮುಗೀತೀನಿ. ನೆಲ ಮಾತ್ರ ಸ್ಕೂಲಿಂದು. ಏಳು ವರ್ಷದಿಂದ ಅರ್ಧ ಮೈದಾನ ಬಿಟ್ಕೊಟ್ಟು ಸುಮ್ನಿದ್ದೀನಿ. ನಮ್ಮ ಹುಡುಗೀರ ಆಟಕ್ಕೆ ಮರ್ಯಾದೆ ಕೊಡೋರು ಯಾರು?"

ಬೋರಯ್ಯ ಟವೆಲ್ಲಿನ ಹೊಟ್ಟು ಕೊಡವಿದರು. ಬಹಳ ಹೊತ್ತು ಕೊಡವಿದರು.

"ನಾಳೀಕೆ ಬಸ್ಸು ಎಷ್ಟೊತ್ಗೆ ಐತವ್ವ?"

"ಆರೂವರೆಗೆ."

"ಕಳುಸ್ತೀನಿ. ಬರೋ ಸುಗ್ಗೀಗೆ ನನ್ ಹೊಲದಾಗೇ ಕಣ ಮಾಡ್ಕತೀನಿ."

ಕಣದಲ್ಲಿ ದುಡಿದವರು ಬರಿಗೈಯಲ್ಲಿ ಹೋಗಬಾರದು. ಬೋರಯ್ಯ ಒಂದು ಮೊರ ತುಂಬ ರಾಗಿ ತಂದು ಧರ್ಮೇಶನ ಕೈಗಿಟ್ಟು, "ಮನೀಗೆ ತಕ್ಕೊಂಡೋಗಪ್ಪ" ಅಂದರು.

ನಾನು ಮನೆಯ ದಾರಿ ಹಿಡಿದಿದ್ದೆ. ಮೊರವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕಾಳೂ ಚೆಲ್ಲದಂತೆ ಹೆಜ್ಜೆ ಇಡುತ್ತಾ ಅವನು ಹಿಂದೆಯೇ ಬಂದ.

"ಟೀಚರ್, ಮನೆಗೆ ಅಂದ್ರು. ನಂಗಿರೋದು ಬಾಡಿಗೆ ರೂಮು. ಒಲೆ ಕೂಡ ಇಲ್ಲ."

"ಅದಕ್ಕೆ?"

"ನಿಮ್ಮನೆಗೆ ತರಲಾ?"

ಅವನ ಕಣ್ಣು ಮೊರದ ಮೇಲಿರಲಿಲ್ಲ, ನನ್ನ ಮೇಲಿತ್ತು. ಅವನು ಕೇಳುತ್ತಿರುವುದು ರಾಗಿಯ ವಿಷಯವಲ್ಲ ಎಂದು ನನಗೆ ಗೊತ್ತಾಯಿತು.

"ಫೆಬ್ರವರಿ ಬರುತ್ತಲ್ಲ," ಅಂದೆ.

"ಹೋಗ್ಲೇಬೇಕು, ವೀಸಾ ಮುಗಿಯುತ್ತೆ. ಜೂನಲ್ಲಿ ಸ್ಕೂಲ್ ಶುರುವಾಗೋಷ್ಟರಲ್ಲಿ ವಾಪಸ್ ಬರ್ತೀನಿ. ಯಾವ ಸಂಸ್ಥೆನೂ ಕಳಿಸದೆ, ನಾನಾಗೇ." ಅವನು ಉಸಿರು ಎಳೆದುಕೊಂಡ. "ನಿಮ್ಮನ್ನ ಪ್ರೀತಿಸ್ತಿದ್ದೀನಿ, ಮಾಲಿನಿ. ನಿಮ್ಮ ಮನಸ್ಸಲ್ಲಿ ಏನಿದೆ, ನಂಗೊತ್ತಿಲ್ಲ. ಗೊತ್ತಿಲ್ದಿದ್ರೆ ಕೇಳ್ಬೇಕು ಅಂದ್ರಲ್ಲ, ಅದಕ್ಕೇ ಕೇಳ್ತಿದ್ದೀನಿ."

ಸಿಟ್ಟು ಇನ್ನೂ ಇತ್ತು. ಇದನ್ನು ಹೇಳಲು ಮೂರು ತಿಂಗಳು ತೆಗೆದುಕೊಂಡನಲ್ಲ ಎಂದು, ಜೂನ್ ಅಷ್ಟು ದೂರ ಇದೆಯಲ್ಲ ಎಂದು. ಮೊರದ ಇನ್ನೊಂದು ಅಂಚನ್ನು ನಾನು ಹಿಡಿದುಕೊಂಡೆ.

"ಅಮ್ಮ ಮನೇಲಿದ್ದಾರೆ, ನಡೀರಿ," ಅಂದೆ. "ಬೂಟು ಮಾತ್ರ ಬಾಗಿಲಾಚೆ ಬಿಡಿ."

ಅವನು ಬಗ್ಗಿ ಕಾಲು ನೋಡಿಕೊಂಡ. ಬೂಟನ್ನು ಗೇಟಿನ ಹತ್ತಿರವೇ ಮರೆತು ಬಂದಿದ್ದ.