ಕಹಿಯ ಮೇಲೊಂದು ಗುಟುಕು ಸಿಹಿ

ವಿನಾರ್ಸಿಯ ಕೈಯಲ್ಲಿದ್ದ ಲೋಟವನ್ನು ನರ್ಸ್ ಕಸಿದುಕೊಂಡಳು. "ಏನ್ ಕುಡಿಸ್ತಿದ್ದೀಯ? ಆಪರೇಷನ್‌ಗೆ ಹೋಗೋನು ಇವನು."

"ಅರಿಶಿನದ ಜಾಮು. ದಿನಾ ಕುಡೀತಾನೆ."

"ಕೊಡ್ಲಿ ಬಿಡಿ ಸಿಸ್ಟರ್," ಸ್ಟ್ರೆಚರ್ ಮೇಲಿಂದ ಸುಬೆಕ್ತಿ ನಕ್ಕ. "ಇವಳ ಕಷಾಯ ಇಲ್ದೆ ನಂಗೆ ಬೆಳಗಾಗಲ್ಲ."

ಗ್ರೆಸಿಕ್‌ನ ಪ್ಲೈವುಡ್ ಕಾರ್ಖಾನೆಯ ಗೇಟಿನಲ್ಲಿ ವಿನಾರ್ಸಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಜಾಮು, ಅಂದರೆ ಬೇರು-ಸೊಪ್ಪಿನ ಕಷಾಯ, ಮಾರುತ್ತಿದ್ದಳು. ಕಹಿ ಕುಡಿದವರಿಗೆ ಒಂದು ಗುಟುಕು ಸಿಹಿ ಪುಕ್ಕಟೆ, ಅದು ಜಾಮು ಮಾರುವವರ ಪದ್ಧತಿ. ಸುಬೆಕ್ತಿ ಮಾತ್ರ ಆ ಗುಟುಕನ್ನು ಸೈರನ್ ಕೂಗುವವರೆಗೂ ಕುಡಿಯುತ್ತಿದ್ದ, ಲೋಟದ ಅಂಚಿನಿಂದ ಅವಳನ್ನೇ ನೋಡುತ್ತ. "ಮದುವೆ ಆಗ್ತೀಯಾ?" ಎಂದು ಕೇಳಿದ ದಿನ ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ಕೂತಿದ್ದಳು.

ಇವತ್ತು ಹಲಗೆ ಒತ್ತುವ ಪ್ರೆಸ್ ಅವನ ಬಲಗೈ ಹಿಡಿಯಿತು. ಉತ್ಪಾದನೆಗೆ ಅಡ್ಡ ಎಂದು ಕೈ ಸಿಗದಂತೆ ಕಾಯುವ ಯಂತ್ರದ ತಡೆಗಂಬಿ ಬಿಚ್ಚಿಸಿದ್ದ ಮ್ಯಾನೇಜರ್ ಆಸ್ಪತ್ರೆಗೂ ಬಂದು, "ನೋಡ್ಕೊಂಡು ಕೆಲಸ ಮಾಡ್ಬೇಕಪ್ಪ" ಎಂದು ಹೋಗಿದ್ದ. ಯಂತ್ರಕ್ಕೆ ಹಲ್ಲು ಕೊಟ್ಟವರು ಕೈಗೆ ಬುದ್ಧಿ ಹೇಳುತ್ತಾರೆ.

ಒಳಬಂದ ಡಾಕ್ಟರ್ ರೆತ್ನೋ ನರ್ಸ್ ಕೈಯ ಲೋಟವನ್ನು ಮೂಸಿದರು. "ಕೈಯ ರಕ್ತನಾಳ ಜೋಡಿಸ್ತೀವಿ ತಂಗಿ. ಭಯ ಇರೋದು ಆಮೇಲೆ. ಇಷ್ಟೊತ್ತು ರಕ್ತ ಕಾಣದ ಮಾಂಸಕ್ಕೆ ಅದು ಮತ್ತೆ ನುಗ್ಗಿದಾಗ, ಬದುಕಿಸೋ ರಕ್ತಾನೇ ಸುಡುತ್ತೆ. ಅರಿಶಿನದ ಸಾರ ಆ ಉರಿ ತಗ್ಗಿಸೋದನ್ನ ಇಲಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲಿ ಇನ್ನೂ ಗ್ಯಾರಂಟಿ ಇಲ್ಲ. ಆದ್ರೆ ಈಗ ಕುಡಿಸಿದ್ರೆ, ಅರಿವಳಿಕೆ ಮಂಪರಲ್ಲಿ ವಾಂತಿ ಆಗಿ ಶ್ವಾಸಕೋಶಕ್ಕೆ ಹೋಗ್ಬಹುದು. ಜೀವಾನೇ ಹೋಗುತ್ತೆ."

ವಿನಾರ್ಸಿ ಲೋಟದಿಂದ ಹಿಂದೆ ಸರಿದಳು. ನರ್ಸ್ ಬರುವುದು ಒಂದು ಕ್ಷಣ ತಡವಾಗಿದ್ದರೆ?

"ಕೊಡಲ್ಲ, ಮಾಸ್," ಎಂದಳು ಸುಬೆಕ್ತಿಗೆ, ಎಂದಿನ ಅಕ್ಕರೆಯ ಕರೆಯಲ್ಲಿ.

"ಹೆದರಿದೀಯಾ?"

"ಹೂಂ."

"ನಾನೂ," ಎಂದ. ಮೊದಲ ಸಲ ಅವನು ನಗಲಿಲ್ಲ. ಸ್ಟ್ರೆಚರ್ ಒಳಗೆ ಸರಿದು ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಹೊರಗೆ ಅವಳು ತನ್ನದೇ ಮಣಿಕಟ್ಟನ್ನು ಹಿಡಿದು ಕೂತಳು. ಈಗ ಅವನ ಕೈಗೆ ರಕ್ತ ಬಿಟ್ಟರಾ? ಈಗ? ನಾಡಿ ಬಡಿದಾಗಲೆಲ್ಲ ಅಲ್ಲಿ ಒಳಗೆ ಅವನ ಕೈಯಲ್ಲಿ ಬೆಂಕಿ ಹರಿದಂತೆನಿಸಿ ಬೆಚ್ಚಿದಳು.

ಸಂಜೆ ಡಾಕ್ಟರ್ ಬಂದರು. "ರಕ್ತ ಹರೀತಿದೆ, ಬೆರಳು ಬೆಚ್ಚಗಿದೆ. ಊತ ಇದೆ, ಕೈ ಉಳೀತು ಅಂತ ಈಗ್ಲೇ ಹೇಳಲ್ಲ."

ಒಳಗೆ ಸುಬೆಕ್ತಿ ಅರೆಗಣ್ಣು ಬಿಟ್ಟ. "ಸಿಹಿ ಎಲ್ಲಿ?"

"ಕಹಿ ಕುಡೀದೇ ಸಿಹಿನಾ?"

"ಇವತ್ತಿನ ದಿನದ ಕಹಿ ಸಾಲ್ದಾ?"

ಅವಳು ಅವನ ಕಿವಿಯ ಬಳಿ ಬಗ್ಗಿದಳು. "ಅವತ್ತು ಕೇಳಿದ್ಯಲ್ಲ. ಆಗ್ತೀನಿ. ಈ ಕೈ ಇದ್ರೂ, ಇಲ್ದಿದ್ರೂ."

ಬ್ಯಾಂಡೇಜಿನಾಚೆಯ ಅವನ ಬೆರಳಿಗೆ ಹಗುರವಾಗಿ ಅಂಗೈ ಒಡ್ಡಿದಳು. ಅಲುಗಿದ್ದು ಅವನ ಬೆರಳೋ, ತನ್ನ ಅಂಗೈಯೋ, ತಿಳಿಯಲಿಲ್ಲ. ಬೆಚ್ಚಗಿತ್ತು. ಅವಳು ಕೈ ತೆಗೆಯಲಿಲ್ಲ.