ಬಿಚ್ಚದ ಡಬ್ಬಿಯ ಖಾಲಿ ಹೊಟ್ಟೆ

"ನನ್ನ ಸೊಸೆ ಬಾಯಿಬಡಕಿ. ಸೋಮಾರಿ. ಹತ್ತು ಸಲ ಕೂಗಿದ್ರೂ ಹಾಸಿಗೆ ಬಿಡಲ್ಲ. ಎಲ್ಲಾ ಹೌದು ತಾಯಿ. ಆದ್ರೆ ಕಳ್ಳಿ ಅಲ್ಲ!"

ಮುದುಕಿ ಅಳಲಿಲ್ಲ. ಜಗಳಕ್ಕೆ ಬಂದವಳ ಹಾಗೆ ನಮ್ಮ ಹಜಾರದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸೊಸೆಯನ್ನು ಸೆಂಟಿನ ಕಾರ್ಖಾನೆಯಲ್ಲಿ ಕೂಡಿಹಾಕಿದ್ದರು. ಸಂಜೆಗೆ ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡರು. ನನ್ನ ಅಣ್ಣನ ಹೆಂಡತಿ ಅವರು. ಪೊಲೀಸ್ ಇಲಾಖೆಯಲ್ಲಿ ಕೂದಲು ನರೆಸಿಕೊಂಡು ನಿವೃತ್ತರಾದರೂ ಊರಿನ ಕಳ್ಳತನಗಳು ಅವರ ಬಾಗಿಲು ಬಿಟ್ಟಿರಲಿಲ್ಲ. ಅವರ ಕಾರು ಓಡಿಸುವುದು, ಅಡ್ಡ ಬಂದವರನ್ನು ಬೈಯುವುದು ನನ್ನ ಕೆಲಸ. ಎರಡನೆಯದನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ.

ಮುದುಕಿಯೂ ನಮ್ಮ ಜೊತೆ ಕಾರು ಹತ್ತಿದಳು. ಕಾರ್ಖಾನೆಯ ಮಾಲೀಕ ನಮ್ಮನ್ನು ನೇರವಾಗಿ ಪ್ಯಾಕಿಂಗ್ ಹಾಲಿಗೆ ಕರೆದೊಯ್ದ. ಒಳಗೆ ಕಾಲಿಟ್ಟದ್ದೇ ತಡ, ನನಗೆ ಸೀನು ಹಿಡಿಯಿತು. ಅಲ್ಲಿನ ಗಾಳಿಯೇ ಸೆಂಟಾಗಿತ್ತು. ಸೆಂಟಿಗೂ ನನ್ನ ಮೂಗಿಗೂ ಹುಟ್ಟಾ ಹಗೆತನ. ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಕೂತು ಹೆಬ್ಬೆರಳು ಗಾತ್ರದ ಬಾಟಲಿಗಳನ್ನು ಸಿಂಗರಿಸುತ್ತಿದ್ದರು. ಬಾಟಲಿಗೆ ಸ್ಪಂಜಿನ ಗುಳಿ, ಗುಳಿಯ ಮೇಲೆ ರೇಷ್ಮೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಆಮೇಲೆ ಒಳಡಬ್ಬಿ, ದಪ್ಪ ರಟ್ಟಿನ ಹೊರಡಬ್ಬಿ, ಕೊನೆಗೆ ಯಂತ್ರ ಬಿಗಿಯುವ ಪ್ಲಾಸ್ಟಿಕ್ ಹಾಳೆ. ಮುಗಿದಾಗ ಕೈಯಲ್ಲಿ ಇಟ್ಟಿಗೆ ಹಿಡಿದಂತಾಗುತ್ತಿತ್ತು.

"ಇದೇನ್ರೀ, ಸೆಂಟೋ ಮದುವಣಗಿತ್ತಿಯೋ?" ಎಂದೆ ಸೀನುತ್ತಾ.

"ಒಳಗಿನ ಸೆಂಟಿಗಿಂತ ಡಬ್ಬಿಗೇ ಖರ್ಚು ಜಾಸ್ತಿ. ಜನ ಡಬ್ಬಿ ನೋಡಿಯೇ ಕೊಳ್ಳೋದು," ಎಂದ ಮಾಲೀಕ.

"ಮನೆಗೆ ಹೋದ್ಮೇಲೆ ಆ ಡಬ್ಬೀನ ಏನ್ಮಾಡ್ತಾರೆ?" ಅತ್ತಿಗೆ ಕೇಳಿದರು.

"ಬಿಸಾಕ್ತಾರೆ."

ನಡೆದದ್ದು ಇಷ್ಟು. ಆ ಬೆಳಿಗ್ಗೆ ದೊಡ್ಡ ವ್ಯಾಪಾರಿಯೊಬ್ಬನ ಎದುರು ಮಾಲೀಕ ಗೋದಾಮಿನ ಡಬ್ಬಿಯೊಂದನ್ನು ತೆರೆದಿದ್ದ. ಮೇಲಿನ ಹಾಳೆ ಒಂದಿಷ್ಟೂ ಹರಿದಿರಲಿಲ್ಲ. ಪದರದ ಮೇಲೆ ಪದರ ಬಿಚ್ಚಿದರೆ ಒಳಗೆ ಬರೀ ಗುಳಿ! ಇನ್ನಷ್ಟು ತೆರೆಸಿದಾಗ ಮತ್ತೂ ಕೆಲವು ಖಾಲಿ. ವ್ಯಾಪಾರಿ ನಕ್ಕು ಎದ್ದುಹೋದ. ಗುಳಿಯಲ್ಲಿ ಬಾಟಲಿ ಇಡುವ ಕೆಲಸ ಮುದುಕಿಯ ಸೊಸೆಯದು. ಇಡದೆ ಸೆರಗಿಗೆ ಹಾಕಿಕೊಂಡಳು ಎಂದು ಎಲ್ಲರೆದುರು ಅವಳ ಮೈ ತಡಕಾಡಿಸಿದ್ದರು. ಏನೂ ಸಿಕ್ಕಿರಲಿಲ್ಲ.

"ಗೋದಾಮಿನ ಬೀಗದ ಕೈ ಯಾರ ಹತ್ರ?" ಅತ್ತಿಗೆ ಕೇಳಿದರು.

"ನನ್ನ ಹತ್ರಾನೇ ಅಮ್ಮಾ," ಎಂದ ಗೋದಾಮಿನವನು. "ಎಣಿಕೆ ಒಂದೂ ತಪ್ಪಿಲ್ಲ. ಹಾಲಿಂದ ಬಂದಷ್ಟೂ ಡಬ್ಬಿ ಹಾಗೇ ಇವೆ."

ಪಕ್ಕದಲ್ಲಿ ಮಾಲೀಕನ ಹೆಂಡತಿಯ ತಮ್ಮ ನಿಂತಿದ್ದ. ಡಬ್ಬಿ ಮಾಡಿಕೊಡುವ ಗುತ್ತಿಗೆ ಅವನದು. "ನನ್ನ ಡಬ್ಬಿಗೆ ಕೆಟ್ಟ ಹೆಸರು ಬಂತಲ್ಲ ಅಂತ ಬೇಜಾರು," ಎಂದ. "ಅಂಗಡಿ ಕಿಟಕೀಲಿ ಅಂದಕ್ಕೆ ಇಡೋ ಖಾಲಿ ಡಬ್ಬಿಗಳನ್ನೂ ನಾವೇ ಮಾಡೋದು. ನಮ್ಮ ಶೆಡ್ಡಲ್ಲೇ ಹಾಳೆ ಬಿಗಿದು, ತಳಕ್ಕೆ ನೀಲಿ ಚೀಟಿ ಅಂಟಿಸಿ ತರ್ತೀವಿ. ಇಲ್ಲಿ ಗೋದಾಮಲ್ಲಿ ಒಂದು ದಿನ ಇಟ್ಟು, ನಾನೇ ಅಂಗಡಿಗಳಿಗೆ ಮುಟ್ಟಿಸ್ತೀನಿ. ಇವತ್ತೂ ವ್ಯಾನು ತುಂಬಿದೆ, ಹೊತ್ತಾಯ್ತು."

"ಐದು ನಿಮಿಷ ಇರಿ ತಮ್ಮಾ," ಎಂದರು ಅತ್ತಿಗೆ.

ಮಾಲೀಕನ ಕೋಣೆ ಹಾಲಿನಿಂದ ದೂರ, ಅಂಗಳದ ಆಚೆಗಿತ್ತು. ಬೆಳಿಗ್ಗೆ ತೆರೆದ ಖಾಲಿ ಡಬ್ಬಿ ಮೇಜಿನ ಮೇಲಿತ್ತು. "ಮೂಗಿಟ್ಟು ನೋಡೋ," ಎಂದರು ಅತ್ತಿಗೆ ನನಗೆ. ನೋಡಿದೆ. ಅಂಟಿನ ವಾಸನೆ ಬಂತು. ಆಮೇಲೆ ಗೋದಾಮಿನಿಂದ ಬೇರೆ ಡಬ್ಬಿ ತರಿಸಿ ತಾವೇ ಬಿಚ್ಚಿದರು. ಹೊರಡಬ್ಬಿ ತೆರೆಯುವಷ್ಟರಲ್ಲಿ ನನಗೆ ಕಣ್ಣೀರು ಕಿತ್ತುಬರುವಂಥ ಸೀನು. ಅದರಲ್ಲಿ ಬಾಟಲಿ ಇತ್ತು.

ಅಷ್ಟರಲ್ಲಿ ಗೇಟಿನ ಬಳಿ ಪೊಲೀಸ್ ಜೀಪು ನಿಂತ ಸದ್ದು ಕೇಳಿಸಿತು. ಕೂಡಿಹಾಕಿದ್ದ ಸೊಸೆಯನ್ನು ಕರೆತಂದರು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಮುದುಕಿ ಅವಳ ಪಕ್ಕ ಹೋಗಿ ನಿಂತಳು. ಅತ್ತಿಗೆ ಹೆಂಗಸರನ್ನೆಲ್ಲ ಕರೆಸಿದರು. ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ನಾನು ಹೋಗಿ, ಚಾಲಕ ಬೇಡವೆಂದರೂ ಕೇಳದೆ, ವ್ಯಾನಿನಿಂದ ನೀಲಿ ಚೀಟಿಯ ಡಬ್ಬಿಯೊಂದನ್ನು ತಂದೆ.

"ಈ ಹುಡುಗಿ ಕದ್ದಿದ್ರೆ," ಅತ್ತಿಗೆ ಶುರುಮಾಡಿದರು, "ಖಾಲಿ ಡಬ್ಬಿ ಹಾಲಲ್ಲೇ ಮುಚ್ಚಿರಬೇಕು. ಅಲ್ಲಿ ಮುಚ್ಚಿದ ಡಬ್ಬೀಲಿ ಬಾಟಲಿ ಇರಲಿ ಬಿಡಲಿ, ರೇಷ್ಮೆ, ಸ್ಪಂಜು ಎಲ್ಲಾ ಸೆಂಟು ಕುಡಿದಿರುತ್ತೆ. ಖಾಲಿ ಡಬ್ಬಿಗೆ ನನ್ನ ಮೈದುನ ಸೀನಲಿಲ್ಲ. ಅಂದ್ರೆ ಅದು ಆ ಹಾಲನ್ನೇ ಕಂಡಿಲ್ಲ."

"ಮತ್ತೆ ಗೋದಾಮಿನವನು?" ಮಾಲೀಕ ಗದರಿದ.

"ಅವನ ಕೈಗೆ ಬರೋದು ಬಿಗಿದ ಡಬ್ಬಿ. ಬಿಚ್ಚಿದ್ರೆ ಮತ್ತೆ ಬಿಗಿಯೋಕೆ ಅವನ ಹತ್ರ ಯಂತ್ರ ಇಲ್ಲ. ಪ್ಯಾಕಿಂಗ್ ಹಾಲ್ ಬಿಟ್ರೆ ಆ ಯಂತ್ರ ಇರೋದು ಇನ್ನೊಂದೇ ಕಡೆ, ಡಬ್ಬಿ ಮಾಡೋ ಶೆಡ್ಡಲ್ಲಿ. ಅಲ್ಲಿಂದ ಖಾಲಿ ಡಬ್ಬಿ ಬರುತ್ತೆ. ಗೋದಾಮಲ್ಲಿ ಅದರ ನೀಲಿ ಚೀಟಿ ಕಿತ್ತು ನಿಜವಾದ ಡಬ್ಬಿಗೆ ಅಂಟಿಸಿದ್ರೆ ಸಾಕು. ಖಾಲಿ ಇಲ್ಲೇ ಉಳಿಯುತ್ತೆ, ಸರಕು ಹೊರಗೆ ಹೋಗುತ್ತೆ. ಎಣಿಕೆ ತಪ್ಪಲ್ಲ. ಕೈಲಿ ಎತ್ತಿ ನೋಡಿದ್ರೂ ಗೊತ್ತಾಗಲ್ಲ. ಇಷ್ಟು ಭಾರದ ಡಬ್ಬೀಲಿ ಆ ಬಾಟಲಿ ತೂಕ ಯಾವ ಲೆಕ್ಕ? ಬಾಟಲಿಗೆ ಬರೀ ಕಾಗದ ಸುತ್ತಿದ್ದಿದ್ರೆ ಮೊದಲ ದಿನವೇ ಕಳ್ಳ ಸಿಕ್ಕಿಬೀಳ್ತಿದ್ದ."

"ವ್ಯಾನಲ್ಲಿರೋದು ಖಾಲಿ ಡಬ್ಬಿ! ಮುಟ್ಟಬೇಡ!" ಡಬ್ಬಿ ಗುತ್ತಿಗೆಯವನು ನನ್ನ ಕೈಗೆ ಹಾರಿದ. ನಾನು ಮೊಣಕೈಯಿಂದ ತಳ್ಳಿ ಹಾಳೆ ಹರಿದೆ. ಒಳಡಬ್ಬಿ ತೆರೆಯುವ ಮೊದಲೇ ಸೀನಿದೆ. ಗುಳಿಯಲ್ಲಿ ಬಾಟಲಿ ತಣ್ಣಗೆ ಮಲಗಿತ್ತು.

ಅವನು ಕುರ್ಚಿಯಲ್ಲಿ ಕುಸಿದ. "ಬಿಚ್ಚಿ, ಬರೀ ಬಾಟಲಿ ಅರ್ಧ ಬೆಲೆಗೆ ಮಾರಿದೆ ಭಾವ. ಮುಗಿಬಿದ್ದು ತಗೊಂಡ್ರು. ಒಬ್ಬರೂ ಡಬ್ಬಿ ಕೇಳಲಿಲ್ಲ!"

ಪೊಲೀಸರು ಅವನನ್ನು ಎಬ್ಬಿಸಿಕೊಂಡು ಹೋದರು. ಮಾಲೀಕ ಗಂಟಲು ಸರಿಮಾಡಿಕೊಂಡು ಸೊಸೆಯತ್ತ ತಿರುಗಿದ. ಸಂಸ್ಥೆಯ ಮರ್ಯಾದೆ, ಆತುರದ ನಿರ್ಧಾರ, ಮುಂದೆ ಅವಳಿಗೆ ಸಿಗಬಹುದಾದ ಮೇಲಿನ ಹುದ್ದೆ ಎಂದೇನೇನೋ ಹೇಳತೊಡಗಿದ. ನನ್ನ ಪಿತ್ತ ನೆತ್ತಿಗೇರುವಷ್ಟರಲ್ಲಿ ಸೊಸೆಯೇ ತಡೆದಳು.

"ಅದೆಲ್ಲಾ ಬೇಡ ಸಾರ್. ಕಳ್ಳಿ ಅಂದಿದ್ದು ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದೂ ಎಲ್ಲರ ಮುಂದೆ ಅನ್ನಿ."

ಮಾಲೀಕ ನೆಲ ನೋಡಿದ.

"ತಪ್ಪಾಯ್ತು," ಎಂದ, ತುಟಿ ಅಲುಗಿಸದೆ.

"ಕೇಳಿಸಲಿಲ್ಲ," ಎಂದಳು ಅತ್ತೆ.